ಸರಸಮ್ಮನ ಅಳಿಯ

ಫೆಬ್ರವರಿ 3

ಕಬ್ಬಿಗೆ ನೀರು ತಿರುಗಿಸಿ ಬದುವಿನ ಮೇಲೆ ಕೂತಿದ್ದೆ. ನಿಂಗರಾಜು ನಾಲೆ ಏರಿಯ ಮೇಲೆ ಬೈಕು ಓಡಿಸಿಕೊಂಡು ಬಂದ. ಅವನು ಆ ವೇಗದಲ್ಲಿ ಬಂದರೆ ಒಂದೋ ಎಲೆಕ್ಷನ್ನು, ಇಲ್ಲವೇ ಹೆಣ.

'ಚಲುವಣ್ಣ, ನಮ್ಮತ್ತಿಗೆ ಅಳಿಯ ನಾಲೆಗೆ ಬಿದ್ಬುಟ್ಟವ್ನೆ. ಸ್ಕೂಟ್ರು ಸೇತ್ವೆ ತಾವ ನಿಂತದೆ. ಬಿರ್ರನೆ ಬಾ.'

ಅತ್ತಿಗೆ ಎಂದರೆ ಸರಸಮ್ಮ, ನಿಂಗರಾಜುವಿನ ತೀರಿಕೊಂಡ ಅಣ್ಣನ ಹೆಂಡತಿ. ಆಕೆಗೆ ಗಂಡು ಮಕ್ಕಳಿಲ್ಲ, ಕವಿತ ಒಬ್ಬಳೇ. ಅವಳಿಗೆ ನಾಗಮಂಗಲದ ಕಡೆಯಿಂದ ಮನೆ ಅಳಿಯನನ್ನು ತಂದರು. ಮೆತ್ತಗಿನ ಮನುಷ್ಯ. ಎದುರಿಗೆ ಸಿಕ್ಕರೆ ಏರಿಯಿಂದ ಕೆಳಗಿಳಿದು ದಾರಿ ಬಿಡುತ್ತಿದ್ದ.

ಬಾವಿಗೆ ಬಿದ್ದ ಕೊಡ ತೆಗೆಯುವ ಪಾತಾಳಗರಡಿಯನ್ನೇ ನಾನು ದೊಡ್ಡದಾಗಿ ಮಾಡಿಸಿಟ್ಟುಕೊಂಡಿದ್ದೇನೆ. ಅದನ್ನೂ ಹಗ್ಗವನ್ನೂ ಹೊತ್ತು ಹೋದೆ. ಪಾಂಡವಪುರದಿಂದ ಅಬ್ದುಲ್ ವಾಹಿದ್ ತನ್ನ ಕ್ರೇನು ತಂದಿದ್ದ. ನಾಲೆಗೆ ಕಾರು ಬಿದ್ದರೆ ಕಾರು ಅವನದು, ಒಳಗಿನವರು ನನ್ನವರು. ಅಗ್ನಿಶಾಮಕದವರೂ ಬಂದರು. ಹೊತ್ತು ಮುಳುಗುವವರೆಗೆ ಕೆಸರನ್ನೆಲ್ಲ ಬಾಚಿದೆವು. ಒಂದು ಸತ್ತ ಕರು, ಒಂದು ಪ್ಲಾಸ್ಟಿಕ್ ಕುರ್ಚಿ ಸಿಕ್ಕಿತು. ಸರಸಮ್ಮನ ಅಳಿಯ ಸಿಗಲಿಲ್ಲ.

ಮಿಲಿಟರಿಯಲ್ಲಿ ಸೇತುವೆ ಕಟ್ಟುವ ತುಕಡಿಯಲ್ಲಿದ್ದವನು ನಾನು. ಎಪ್ಪತ್ತೊಂದರ ಯುದ್ಧದಲ್ಲಿ ಪೂರ್ವದ ಹೊಳೆಗಳಲ್ಲಿ ಮುಳುಗಿ ಕಂಬ ನೆಡುವುದನ್ನು ಕಲಿತೆ. ಪಿಂಚಣಿ ತೆಗೆದುಕೊಂಡು ಊರಿಗೆ ಬಂದ ವರ್ಷವೇ ನಾಲೆಗೆ ಬಿದ್ದ ಒಬ್ಬ ಹೆಂಗಸನ್ನು ಮೇಲೆ ತಂದೆ. ಅಂದಿನಿಂದ ಈ ಕೆಲಸ ನನಗೇ ಅಂಟಿಕೊಂಡಿದೆ. ಹೆಣ ತೆಗೆದ ಮನೆಯಲ್ಲಿ ಒಂದು ಲೋಟ ನೀರನ್ನೂ ಕುಡಿದವನಲ್ಲ. ಈಗ ಕಿವಿಯ ಪರದೆ ಹೋಗಿದೆ, ನೀರಿಗಿಳಿಯಬಾರದು ಎಂದು ಡಾಕ್ಟರು ಹೇಳಿದ್ದಾರೆ. ದಡದ ಮೇಲೆ ನಿಂತು ಹುಡುಗರ ಮೇಲೆ ಕೂಗಾಡುವುದೇ ನನ್ನ ಸೇವೆ.

ಒಂದು ಮಾತು ಇಲ್ಲಿ ಮಾತ್ರ ಬರೆಯುತ್ತೇನೆ. ಸ್ಕೂಟರಿನ ಸೀಟಿನ ಮೇಲೆ ಫೋನಿತ್ತು. ಕೆಳಗೆ ಚಪ್ಪಲಿ. ಚಪ್ಪಲಿಯ ಮೇಲೆ ಕರವಸ್ತ್ರದಲ್ಲಿ ಮಡಿಸಿಟ್ಟ ಬೆಳ್ಳಿಯ ಉಡಿದಾರ. ಫೋನು ಸರಿ, ಚಪ್ಪಲಿ ಸರಿ. ಆದರೆ ಉಡಿದಾರವನ್ನು ಯಾವ ಗಂಡಸು ತಾನಾಗಿ ಬಿಚ್ಚುತ್ತಾನೆ? ಅದನ್ನು ಹೆಣದ ಸೊಂಟದಿಂದ ಬೇರೆಯವರು ಕೀಳಬೇಕು. ನಾನು ಮೇಲೆ ತಂದ ಗಂಡಸರ ಸೊಂಟದಲ್ಲೆಲ್ಲ ಅದು ಇತ್ತು. ಎಷ್ಟೋ ಸಲ ಅದಕ್ಕೇ ಹಗ್ಗ ಬಿಗಿದು ಎಳೆದಿದ್ದೇವೆ. ಇವನು ಸಾಯುವುದಕ್ಕೂ ಮೊದಲೇ ಹೆಣದ ಕೆಲಸ ತಾನೇ ಮುಗಿಸಿಟ್ಟಿದ್ದಾನೆ. ಯಾಕೋ ಸರಿ ಕಾಣಲಿಲ್ಲ.

ಫೆಬ್ರವರಿ 4

ನಾಲೆ ಗುಡ್ಡದೊಳಕ್ಕೆ ನುಗ್ಗುವ ಸುರಂಗದ ಬಾಯಿಯವರೆಗೆ ಹುಡುಕಿದೆವು. ಇಲ್ಲ.

ಸಾರಿನಲ್ಲಿ ಉಪ್ಪಿರಲಿಲ್ಲ. ಬೇಕೆಂದೇ ಕಮ್ಮಿ ಮಾಡುತ್ತಿದ್ದೀಯ, ಡಾಕ್ಟರು ನಿನಗೆ ಬೇರೆ ಏನೋ ಹೇಳಿದ್ದಾನೆ, ನನಗೆ ಮುಚ್ಚಿಡುತ್ತಿದ್ದೀಯ ಎಂದು ಹೆಂಡತಿಯನ್ನು ಕೇಳಿದೆ. ಜಯಲಕ್ಷ್ಮಮ್ಮ ಉಪ್ಪಿನ ಡಬ್ಬಿ ತಂದು ತಟ್ಟೆಯ ಪಕ್ಕ ಕುಕ್ಕಿದಳು.

'ಉಪ್ಪು ಮರ್ತೋಯ್ತು ಕಣ್ರೀ. ಅದ್ರಲ್ಲೂ ನಿಮ್ಗೆ ಯಾರ್ದೋ ಪಿತೂರಿ ಕಾಣ್ತದಲ್ಲ.'

ಮದುವೆಯಾದ ಹೊಸದರಲ್ಲಿ ಇವಳು ಹೀಗೆ ಮಾತಾಡುತ್ತಿರಲಿಲ್ಲ. ಯಾರೋ ಹೇಳಿಕೊಟ್ಟಿದ್ದಾರೆ.

ಫೆಬ್ರವರಿ 6

ಈ ಬಿಸಿಲಿಗೆ ಇಷ್ಟು ಹೊತ್ತಿಗೆ ಹೆಣ ತಾನಾಗಿ ಮೇಲೆ ಬರಬೇಕಿತ್ತು. ಬಂದರೆ ತಿರುವಿನಲ್ಲಿ ಕಸ ತಡೆಯಲು ಹಾಕಿರುವ ಕಬ್ಬಿಣದ ಜಾಲರಿಯಲ್ಲಿ ಸಿಗಬೇಕು. ಇಷ್ಟು ವರ್ಷಗಳಲ್ಲಿ ಅದು ತಪ್ಪಿಲ್ಲ. ಜಾಲರಿಯಲ್ಲಿ ಕಬ್ಬಿನ ಸೋಗೆ, ತೆಂಗಿನ ಗರಿ, ಯಾರದೋ ಮನೆಯ ಹಳೆಯ ದೇವರ ಪಟಗಳು.

ಕವಿತ ದಿನವೂ ದಡಕ್ಕೆ ಬಂದು ಕೂರುತ್ತಾಳೆ. ಇವತ್ತು ನನಗೆ, ವಾಹಿದನಿಗೆ, ಹುಡುಗರಿಗೆ ರೊಟ್ಟಿ ತಂದಿದ್ದಳು. ಬೇಡ ಎಂದೆ. ಹೆಣದ ಮನೆಯ ಊಟ ನನಗಾಗದು ಎಂಬುದು ಊರಿಗೆಲ್ಲ ಗೊತ್ತು. ಅವಳು ನನ್ನ ಮುಖ ನೋಡಿ, 'ಎಣ ಎಲ್ಲಿ ಸಿಕ್ಕದೆ ತಾತ, ತಿನ್ನಿ' ಎಂದಳು. ವಾಹಿದ್ ತಿಂದ. ನಾನು ತಿನ್ನಲಿಲ್ಲ.

ಹೊರಟಾಗ ಹಿಂದೆಯೇ ಬಂದು, 'ಆ ಸೇತ್ವೆ ಕೆಳೀಕೆ ಇನ್ನೊಂದ್ ಸಲ ಆಕಿ ನೋಡಿ' ಎಂದಳು. ಅಲ್ಲಿ ಪಾತಾಳಗರಡಿ ಹಾಕಿ ಹಾಕಿ ನನ್ನ ರಟ್ಟೆ ಬಿದ್ದುಹೋಗಿದೆ. ಹಾಕಿದೆ. ಇಲ್ಲ.

ಫೆಬ್ರವರಿ 9

ಸರಸಮ್ಮನ ಜಗುಲಿಯ ಮೇಲೆ ಊರ ಹಿರಿಯರು ಸೇರಿದ್ದರು. ದಿನ ಕಳೆಯುತ್ತಿದೆ, ಹೆಣ ಸಿಗದಿದ್ದರೆ ದರ್ಭೆಯ ಗೊಂಬೆ ಮಾಡಿ ಸುಟ್ಟು ತಿಥಿ ಮುಗಿಸೋಣ ಎಂದು ನಿಂಗರಾಜು ಅವಸರ ಮಾಡಿದ. ಹಾಗೆ ಮಾಡಿದರೆ ಅದೇ ದಿನ ಕವಿತಳ ತಾಳಿ ತೆಗೆಯಬೇಕು. ಎಲ್ಲರೂ ನನ್ನ ಕಡೆ ನೋಡಿದರು. ನಾಲೆಯ ವಿಷಯದಲ್ಲಿ ನಾನು ಇದೆ ಎಂದರೆ ಇದೆ, ಇಲ್ಲ ಎಂದರೆ ಇಲ್ಲ.

ನಿಂಗರಾಜುವಿಗೆ ಇಷ್ಟೇಕೆ ಅವಸರ? ಅಣ್ಣನ ಗದ್ದೆಗೆ ಗಂಡು ದಿಕ್ಕಿಲ್ಲವಾದರೆ ಉಳುವವನು ಇವನೇ. ಎರಡು ದಿನದಿಂದ ಇವನ ಮೇಲೆಯೇ ನನ್ನ ಕಣ್ಣು. ಕೈಯಲ್ಲೇನಾದರೂ ಗಾಯವಿದೆಯೇ ಎಂದೂ ನೋಡಿದೆ. ಇತ್ತು. ಕೇಳಿದರೆ ಹುಲ್ಲು ಕತ್ತರಿಸುವ ಮೆಷಿನ್ನು ಎಂದ.

ನನಗೆ ತಡೆಯಲಾಗಲಿಲ್ಲ. 'ಅವನು ನೀರಲ್ಲಿಲ್ಲ. ತಿಥಿ ಗಿಥಿ ಏನೂ ಬೇಡ. ಎಲ್ಲೋ ನೆಟ್ಟಗೆ ಕೂತು ಉಣ್ತಾವ್ನೆ' ಎಂದುಬಿಟ್ಟೆ. ಉಡಿದಾರದ ಮಾತನ್ನೂ ಹೇಳಿದೆ.

ಸರಸಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗಂಡ ಬದುಕಿದ್ದಾನೆ ಎಂದರೆ ಯಾವ ಹೆಂಗಸಿನ ಮುಖವೂ ಅರಳಬೇಕು. ಕವಿತ ಕಂಬಕ್ಕೆ ಒರಗಿ ನಿಂತವಳು, ನಾನು ಅವಳಿಗೆ ಹೊಡೆದೆನೇನೋ ಎಂಬಂತೆ ನೋಡಿದಳು. ಆಮೇಲೆ ಅಂಗಳ ದಾಟುವಾಗ ಮೆಲ್ಲಗೆ ಕೇಳಿದಳು.

'ನಾಲೆ ಯಾವತ್ತು ನಿಲ್ಲುಸ್ತಾರೆ ತಾತ?'

'ಈ ತಿಂಗಳ ಕೊನೆಗೆ. ಯಾಕವ್ವಾ?'

'ಸುಮ್ಕೆ ಕೇಳ್ದೆ.'

ಸುಮ್ಮನೆ ಯಾರೂ ಏನನ್ನೂ ಕೇಳುವುದಿಲ್ಲ. ನಾಲೆ ನಿಂತರೆ ತಳ ಕಾಣುತ್ತದೆ, ಇದ್ದದ್ದು ಇಲ್ಲದ್ದು ಎಲ್ಲ ಬಯಲಾಗುತ್ತದೆ. ಈ ಹುಡುಗಿಗೆ ಅದರ ಭಯವೇಕೆ?

ಫೆಬ್ರವರಿ 10

ನಿಂಗರಾಜುವನ್ನು ಬಿಟ್ಟೆ. ಕವಿತಳ ಮೇಲೆ ಅನುಮಾನ.

ಫೆಬ್ರವರಿ 12

ಶ್ರೀರಂಗಪಟ್ಟಣದ ದಾರಿ ಹಿಡಿದು ಪಾಲಹಳ್ಳಿಗೆ ಹೋಗಿ ಬಂದೆ. ಅಲ್ಲಿನ ಒಂದು ಆಲೆಮನೆಯಲ್ಲಿ ಸರಸಮ್ಮನ ಅಳಿಯ ಬೆಲ್ಲ ಕಾಯಿಸುತ್ತಿದ್ದ. ಆಲೆಮನೆಯ ಯಜಮಾನ ಶಿವಶಂಕರ್ ಕೊಪ್ಪರಿಗೆಯ ಪಕ್ಕ ನಿಂತೇ ಮಾತಾಡಿದ. ಹೊಗೆಯಲ್ಲಿ ಅವನ ಕಣ್ಣು ಸರಿಯಾಗಿ ಕಾಣಲಿಲ್ಲ. ಕಣ್ಣು ಕಾಣದವನ ಮಾತನ್ನು ನಾನು ಅರ್ಧ ಮಾತ್ರ ನಂಬುತ್ತೇನೆ.

'ಒಳ್ಳೆ ಕೆಲ್ಸಗಾರ ಕಣಪ್ಪ. ನಾಲೆ ಸುದ್ದಿ ಬರೋಕೆ ವಾರದ ಮುಂಚೇನೆ, ನಾಳೆಯಿಂದ ಬರಾಕಿಲ್ಲ ಅಂತ ಏಳ್ದ. ಯಾಕ್ಲಾ ಅಂದೆ. ನಗಾಡ್ಬುಟ್ಟು ಓದ.'

ಜಗಳವೇನಾದರೂ ಇತ್ತೇ ಎಂದೆ. ಅವನಿಗೆ ಜಗಳ ಆಡಲು ಬರುತ್ತಿರಲಿಲ್ಲ ಎಂದ. ಅಲ್ಲಿನ ಆಳುಗಳಿಗೂ ಅವನ ಹೆಸರು ನೆನಪಾಗಲಿಲ್ಲ. 'ನಿಮ್ಮೂರ ಸರಸಮ್ಮನ ಅಳಿಯ ಅಲ್ವಾ' ಎಂದರು.

ಮುಂಚೆಯೇ ಕೆಲಸ ಬಿಟ್ಟಿದ್ದಾನೆ ಎಂದರೆ ಇದು ಕ್ಷಣದ ಬುದ್ಧಿಯಲ್ಲ. ನನ್ನ ಅನುಮಾನ ಸರಿಯಾಗಿಯೇ ಇದೆ.

ಬರುವಾಗ ನಲ್ಲಿಯ ಹತ್ತಿರ ಹೆಂಗಸರು ಗುಂಪು ಕಟ್ಟಿದ್ದರು. ನನ್ನನ್ನು ನೋಡಿ ದನಿ ಇಳಿಸಿದರು, ಆದರೂ ಕೇಳಿಸಿತು. ಮಕ್ಕಳಿಲ್ಲದ್ದಕ್ಕೆ ಬಿಟ್ಟು ಹೋದನಂತೆ, ಇವಳೇ ಓಡಿಸಿದಳಂತೆ, ಇವಳಿಗೆ ಬೇರೆ ಯಾರೋ ಇದ್ದಾನಂತೆ. ಹೋದ ವಾರ ಇದೇ ಹೆಂಗಸರು ಅವಳನ್ನು ತಬ್ಬಿಕೊಂಡು ಅಳುತ್ತಿದ್ದರು. ನನಗೆ ಸಿಟ್ಟು ಬಂತು. 'ನೀರು ಸುರಿದು ಹೋಗ್ತಾ ಅದೆ, ನಲ್ಲಿ ನಿಲ್ಲಿಸಿ' ಎಂದು ಗದರಿಸಿ ಬಂದೆ.

ಫೆಬ್ರವರಿ 13

ವಾಹಿದನೊಂದಿಗೆ ಮಾತು ಬಿಗಿಯಿತು. ಅವನ ಹೆಂಡತಿ ನೂರ್ ಫಾತಿಮಾ ಎರಡು ಸಲ ಸರಸಮ್ಮನ ಮನೆಗೆ ಹೋಗಿ ಬಂದಿದ್ದಾಳೆ. ಪಾಂಡವಪುರದಿಂದ ಇಲ್ಲಿಯವರೆಗೆ ಬಸ್ಸು ಹತ್ತಿ ಬರುವಂಥದ್ದೇನು? ಇವನಿಗೆ ಏನೋ ಗೊತ್ತಿದೆ, ನನ್ನಿಂದ ಮುಚ್ಚಿಡುತ್ತಿದ್ದಾನೆ ಎಂದು ನೇರವಾಗಿಯೇ ಕೇಳಿದೆ. ಕ್ರೇನಿನ ಹಲ್ಲಿಗೆ ಗ್ರೀಸು ಹಚ್ಚುತ್ತಿದ್ದವನು ಕೈ ಒರೆಸಿಕೊಂಡು ಬಂದ.

'ಹವಾಲ್ದಾರ್ ಸಾಬ್, ಆ ಹುಡುಗಿ ಊಟ ಬಿಟ್ಟವ್ಳೆ. ನಮ್ಮನೆಯವ್ರು ಹೋಗಿ ಕೂತ್ಕೊಂಡು ಉಣ್ಸಿ ಬಂದ್ರು. ಇಷ್ಟೇ ನನ್ಗೆ ಗೊತ್ತಿರೋದು.'

'ಯಾವತ್ತಿಂದ ಬಿಟ್ಟವ್ಳೆ?'

'ನೀವು ಜಗುಲಿ ಮ್ಯಾಲೆ ಮಾತಾಡಿದ್ರಲ್ಲ, ಅವತ್ತಿಂದ.'

ಅವನೇ ಕೇಳಿದ. 'ಅವ್ನನ್ನ ಹುಡುಕ್ತಾ ತಿರುಗ್ತಿದ್ದೀರಿ. ಸಿಕ್ಕಿದ್ರೆ ಏನ್ ಮಾಡ್ತೀರಿ ಸಾಬ್? ಹಗ್ಗ ಕಟ್ಟಿ ಎಳ್ಕೊಂಡ್ ಬರ್ತೀರಾ?'

ಸಿಕ್ಕ ಮೇಲೆ ನೋಡೋಣ ಎಂದೆ. ಕೆಲಸ ಮಾಡುವವನು ಮುಂದಿನದನ್ನು ಯೋಚಿಸುತ್ತ ಕೂತರೆ ಯಾವ ಸೇತುವೆಯೂ ಏಳುವುದಿಲ್ಲ. ಆದರೆ ಆ ಪ್ರಶ್ನೆ ಗದ್ದೆಯವರೆಗೆ ನನ್ನ ಜೊತೆಯೇ ಬಂತು.

ಫೆಬ್ರವರಿ 15

ನಾಗಮಂಗಲ. ಬಸ್‌ಸ್ಟ್ಯಾಂಡಿನಿಂದ ಆಟೋ ಹಿಡಿದು ಸರಸಮ್ಮನ ಅಳಿಯನ ಹುಟ್ಟೂರಿಗೆ ಹೋದೆ. ನಮ್ಮ ಕಡೆಯ ಹಸಿರು ಅಲ್ಲಿಲ್ಲ. ತೆಂಗು, ರಾಗಿ ಕೊಯ್ದ ಹೊಲ, ಕೆಂಪು ಧೂಳು. ತಾಯಿ ಒಬ್ಬಳೇ ಇದ್ದಾಳೆ. ನಾಲೆಯ ಹತ್ತಿರ ನನ್ನನ್ನು ನೋಡಿದ್ದ ನೆನಪಿನಿಂದ ಗುರುತು ಹಿಡಿದು ಚಾಪೆ ಹಾಸಿ, ಕೂಡಲೇ ಅಳಲು ಶುರು ಮಾಡಿದಳು. ಅಳು ಚೆನ್ನಾಗಿಯೇ ಇತ್ತು.

ಆದರೆ ಒಳಗಿನಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು. ಸಾಸಿವೆ, ಕರಿಬೇವು, ಬೆಳ್ಳುಳ್ಳಿ. ಮಗ ಸತ್ತು ಸೂತಕ ಕಳೆಯದ ಮನೆಯಲ್ಲಿ ಯಾವ ತಾಯಿ ಒಗ್ಗರಣೆ ಹಾಕುತ್ತಾಳೆ? ನಮ್ಮಪ್ಪ ಸತ್ತಾಗ ತಿಥಿಯವರೆಗೂ ಸಪ್ಪೆ ಸಾರು ಉಂಡವನು ನಾನು.

'ಏನವ್ವಾ, ಸಾರು ಗಮಗಮ ಅಂತದೆ' ಎಂದೆ.

ಅಳು ನಿಂತಿತು. ಆಮೇಲೆ ಕೈ ಜೋಡಿಸಿದಳು. ನಾನು ಒತ್ತಾಯ ಮಾಡಲಿಲ್ಲ. ಒಂದು ಕಾಲದಲ್ಲಿ ಆಗಿದ್ದರೆ ಬಿಡುತ್ತಿರಲಿಲ್ಲ.

ಹೊರಗೆ ಪಕ್ಕದ ಮನೆಯವನು ಮಾತಿಗೆ ಸಿಕ್ಕ. ಆ ತಾಯಿಯ ತಮ್ಮ ಸಂತೆಬಾಚಹಳ್ಳಿಯಲ್ಲಿ ಕಾಯಿ ವ್ಯಾಪಾರ ಮಾಡುತ್ತಾನಂತೆ, ಈ ನಡುವೆ ಆಳುಗಳು ಸಾಲದೆ ಒದ್ದಾಡುತ್ತಿದ್ದವನಿಗೆ ಈಗ ಒಬ್ಬ ಸಿಕ್ಕಿದ್ದಾನಂತೆ. ನಾನು ಕೇಳದೆಯೇ ಹೇಳಿದ. ಇವನಿಗೂ ಆ ಮನೆಗೂ ಬೇಲಿಯ ಜಗಳವಿರಬೇಕು.

ಫೆಬ್ರವರಿ 16

ಮಂಡಿ ನೋವು. ಎಣ್ಣೆ ತಿಕ್ಕಿಸಿಕೊಂಡೆ. ಎಲ್ಲಿಗೆ ಹೋಗಿದ್ದಿರಿ ಎಂದು ಜಯಲಕ್ಷ್ಮಮ್ಮ ಕೇಳಲಿಲ್ಲ. ಯಾಕೆ ಕೇಳಲಿಲ್ಲವೋ.

ಫೆಬ್ರವರಿ 18

ಕೆ.ಆರ್. ಪೇಟೆಗೆ ಒಂದು ಬಸ್ಸು, ಅಲ್ಲಿಂದ ಸಂತೆಬಾಚಹಳ್ಳಿಗೆ ಇನ್ನೊಂದು. ಮನೆಯಲ್ಲಿ ಕರು ನೋಡಲು ಹೋಗುತ್ತೇನೆ ಎಂದು ಹೇಳಿದೆ.

ಕಾಯಿ ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ಹಿಂದಿನ ಅಂಗಳದಲ್ಲಿ ನೆಟ್ಟ ಹಾರೆಗೆ ಕಾಯಿ ಕುಕ್ಕಿ ಒಬ್ಬ ಸುಲಿಯುತ್ತಿದ್ದ. ಬೆನ್ನು ನೋಡಿಯೇ ಗುರುತಿಸಿದೆ. ನನ್ನ ನೆರಳು ಮೇಲೆ ಬಿದ್ದಾಗ ತಲೆಯೆತ್ತಿದ. ಓಡುತ್ತಾನೆ ಎಂದು ನಾನು ಬಾಗಿಲಿಗೆ ಅಡ್ಡ ನಿಂತಿದ್ದೆ. ಅವನು ಓಡಲಿಲ್ಲ. ಎದ್ದು ನಿಂತು ನನಗೆ ದಾರಿ ಬಿಟ್ಟ. ಇದ್ದದ್ದೇ ಮೂಲೆ, ಬಿಡಲು ದಾರಿಯೇ ಇರಲಿಲ್ಲ, ಆದರೂ ಗೋಡೆಗೆ ಸರಿದು ನಿಂತ.

'ಕೂತ್ಕಳಿ ತಾತ' ಎಂದು ಗೋಣಿಚೀಲ ಹಾಕಿದ.

ಬೈಯಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ನಿನಗಾಗಿ ಹುಡುಗರು ಕೊಚ್ಚೆ ಕುಡಿದರು ಕಣ್ಲಾ, ಉಡಿದಾರ ಬಿಚ್ಚಿಟ್ಟು ನಾಟಕ ಆಡಿದೆಯೇನ್ಲಾ ಎಂದೆ.

'ನಾಟ್ಕ ಅಲ್ಲ ತಾತ. ಅದು ಮಾವ ಮದ್ವೇಲಿ ಆಕಿದ್ದು. ಸ್ಕೂಟ್ರು ಅವರ್ದು, ಫೋನು ಅವರ್ದು, ಚಪ್ಲಿ ಕವಿತ ತಂದ್ಕೊಟ್ಟಿದ್ದು. ಅವರದ್ನೆಲ್ಲ ಅವರಿಗೇ ಬುಟ್ಟು ಬಂದೆ.'

ನನಗೆ ಇದು ಹೊಳೆದೇ ಇರಲಿಲ್ಲ.

ಅವಳು ಕೆಟ್ಟವಳೇ ಎಂದು ಕೇಳಿದೆ. ಅಲ್ಲ ಎಂದ. ಅತ್ತೆ ಹಿಂಸೆ ಕೊಟ್ಟರೇ? ಇಲ್ಲ. ಇನ್ನೊಬ್ಬಳು ಇದ್ದಾಳೆಯೇ? ಇಲ್ಲ ಎಂದು ತಲೆಯಾಡಿಸಿದ. ಮತ್ತೇನು ರೋಗ ಎಂದೆ. ಕೈಯಲ್ಲಿದ್ದ ಕಾಯಿಯ ಜುಟ್ಟು ಕೀಳತೊಡಗಿದ.

'ಏಳಕ್ಕೆ ಬರಾಕಿಲ್ಲ ತಾತ. ಅಲ್ಲಿಗೆ ಬಂದು ಇಷ್ಟು ವರ್ಸ ಆಯ್ತು. ಊರ್ನಲ್ಲಿ ಒಬ್ರೂ ನನ್ನ ಎಸ್ರಿಡಿದು ಕರೀಲಿಲ್ಲ. ನಾನು ಉತ್ತಿದ್ ಗದ್ದೆ ನಂದಲ್ಲ, ಕುಂತಿದ್ ಜಗ್ಲಿ ನಂದಲ್ಲ. ಮದ್ವೆ ಮನೇಲಿ ಉಣ್ಣಕ್ಕೆ ಕುಂತ್ರೆ, ಇವನ್ಯಾರು ಅಂದ್ರೆ ಸರಸಮ್ಮನ ಅಳಿಯ ಅಂತಾರೆ. ಉಸ್ರು ಕಟ್ತಿತ್ತು. ಬುಟ್ಟೋದೆ ಅಂದ್ರೆ ಅವ್ಳ ಮಾನ ಓಯ್ತದೆ. ಸತ್ತೆ ಅಂದ್ರೆ ಓಗಾಕಿಲ್ಲ ಅಂದ್ಕಂಡೆ.'

'ಹೇಳ್ಬಿಟ್ಟು ಬರಬೇಕಿತ್ತು.'

'ಯಾರ್ಗೆ? ಏನಂತ?'

ಹೊರಡುವಾಗ ಕಾಲು ಹಿಡಿಯಲು ಬಂದ, ಬಿಡಿಸಿಕೊಂಡೆ. 'ನೀವು ನೀರಾಗವ್ನೆ ಅಂದ್ರೆ ಎಲ್ರೂ ನಂಬ್ತಾರೆ ತಾತ. ಅಂದ್ಬುಡಿ' ಎಂದ. ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ ಎಂದು ಗದರಿಸಿದೆ. ಗದರಿಸಿ, ತಿಮ್ಮೇಶ, ಅದೇ ಅವನ ಹೆಸರು, ಕೆತ್ತಿಕೊಟ್ಟ ಎಳನೀರನ್ನು ಕುಡಿದು ಬಂದೆ. ಬಸ್ಸು ಹತ್ತಿದ ಮೇಲೆ, ಹೆಣದ ಮನೆಯ ನೀರು ಮುಟ್ಟದವನು ಇವನ ಕೈಯಿಂದ ಹೇಗೆ ಕುಡಿದೆ ಎಂದು ನನ್ನ ಮೇಲೆಯೇ ಅನುಮಾನ ಬಂತು.

ಫೆಬ್ರವರಿ 19

ಕರು ಎಲ್ಲಿ ಎಂದಳು. ರೇಟು ಜಾಸ್ತಿ ಎಂದೆ.

ಫೆಬ್ರವರಿ 21

ಹೇಳಬೇಕು. ನಾನು ಹೇಳಿದ್ದು ನಿಜವಾಯಿತು, ನನ್ನ ಕಣ್ಣಾರೆ ಕಂಡು ಬಂದೆ. ಜಗುಲಿಯ ಮೇಲೆ ಎದೆ ತಟ್ಟಿ ಹೇಳಬಹುದು. ನಿಂಗರಾಜು ಬಾಯಿ ಮುಚ್ಚಿಕೊಳ್ಳಬೇಕು.

ಇವತ್ತು ಅವರ ಮನೆಯ ಮುಂದೆ ನಡೆದು ಹೋದೆ. ಸರಸಮ್ಮ ನನ್ನನ್ನು ಕಂಡು ಒಳಗೆ ಹೋದಳು. ಅಂಗಳದಲ್ಲಿ ಎರಡು ದಿನದ ಕಸ. ಹಾಲಿನ ಡೇರಿಯಲ್ಲಿ ಕವಿತ ಕ್ಯಾನು ಹಿಡಿದು ನಿಂತಿದ್ದಳು, ಅವಳ ಹಿಂದೆ ಮುಂದೆ ಜಾಗ ಬಿಟ್ಟು ಬೇರೆ ಹೆಂಗಸರು ನಿಂತಿದ್ದರು. ಒಬ್ಬಳು, ಗಂಡನನ್ನು ಹಿಡಿದಿಟ್ಟುಕೊಳ್ಳಲು ಬರಬೇಕು ಕಣೆ ಎಂದು ಯಾರಿಗೋ ಹೇಳುವಂತೆ ಇವಳಿಗೆ ಹೇಳಿದಳು. ಕವಿತ ಹಾಲು ಅಳೆಸಿ ಸುಮ್ಮನೆ ಹೋದಳು.

ಆ ಮಾತು ಇವರಿಗೆ ಸಿಕ್ಕಿದ್ದು ನನ್ನ ಬಾಯಿಂದ. ಅದನ್ನು ಬರೆಯಲೇಬೇಕು.

ತಿಮ್ಮೇಶನನ್ನು ಕರೆತಂದರೆ? ಬಂದರೂ ಇರುವುದಿಲ್ಲ. ಇನ್ನೊಮ್ಮೆ ಹೋದರೆ ನಿಜವಾಗಿಯೂ ನಾಲೆಗೇ ಹೋಗುತ್ತಾನೆ. ಎಳೆದು ತಂದವನು ನಾನೇ ಆಗಿರುತ್ತೇನೆ, ಮೇಲೆತ್ತುವವನೂ ನಾನೇ.

ಫೆಬ್ರವರಿ 23

ನಾಡಿದ್ದು ನೀರು ನಿಲ್ಲಿಸುತ್ತಾರಂತೆ. ನಿಂಗರಾಜು ಊರೆಲ್ಲ ಸಾರಿಕೊಂಡು ಬಂದಿದ್ದಾನೆ. ತಳ ಕಂಡ ದಿನ ಚಲುವಣ್ಣನೇ ಇಳಿದು ನೋಡಿ ಒಂದು ಮಾತು ಹೇಳಲಿ, ಅದೇ ಕೊನೆ ಎಂದು ಹಿರಿಯರು ತೀರ್ಮಾನ ಮಾಡಿದ್ದಾರೆ. ಸತ್ತ ಎಂದರೆ ಅಂದೇ ತಿಥಿ, ಇಲ್ಲ ಎಂದರೆ ಬಿಟ್ಟು ಹೋದವನ ಹೆಂಡತಿ. ಒಂದು ಹುಡುಗಿಯ ಬಾಳು ನನ್ನ ನಾಲಿಗೆಯ ಮೇಲೆ ಕೂತಿದೆ. ಯುದ್ಧದಲ್ಲಿಯೂ ಇಂಥದ್ದನ್ನು ಯಾರೂ ನನಗೆ ಒಪ್ಪಿಸಿರಲಿಲ್ಲ. ಅಲ್ಲಿ ಆರ್ಡರು ಬರುತ್ತಿತ್ತು, ಮಾಡುತ್ತಿದ್ದೆ.

ಜಯಲಕ್ಷ್ಮಮ್ಮನಿಗೆ ಎಲ್ಲ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು, ನಿಲ್ಲಿಸಲಿಲ್ಲ.

'ಏನ್ ಏಳ್ಬೇಕು ಅಂತ ನನ್ನ ಕೇಳ್ತಿದ್ದೀರಾ, ಇಲ್ಲ ಏಳೋಕೆ ಬಂದ್ರಾ?'

'ಕೇಳ್ತಿದ್ದೀನಿ.'

'ಯಾವತ್ತೂ ಕೇಳ್ದೆ ಇದ್ದೋರು ಇವತ್ತು ಕೇಳ್ತಿದ್ದೀರಿ. ಅಂದ್ಮೇಲೆ ನಿಮ್ಗೇ ಗೊತ್ತದೆ ಬುಡಿ.'

ಫೆಬ್ರವರಿ 26

ನೀರು ಇಳಿದು ತಳ ಬಿಟ್ಟಿತ್ತು. ಎರಡೂ ಏರಿಯ ಮೇಲೆ ಊರೇ ಸೇರಿತ್ತು. ಸರಸಮ್ಮನನ್ನು ಹಿಡಿದುಕೊಂಡು ನಾಲ್ಕಾರು ಮುತ್ತೈದೆಯರು, ಅವರ ಹಿಂದೆ ಇಬ್ಬರು ವಿಧವೆಯರು ಒಂದು ಬುಟ್ಟಿ ಇಟ್ಟುಕೊಂಡು ನಿಂತಿದ್ದರು. ಬುಟ್ಟಿಯಲ್ಲಿ ಬಿಳಿ ಸೀರೆ, ಬಳೆ ಒಡೆಯುವ ಕಲ್ಲು ಇದೆ ಎಂದು ಎಲ್ಲರಿಗೂ ಗೊತ್ತಿತ್ತು. ವಾಹಿದ್ ಕ್ರೇನು ತಂದಿರಲಿಲ್ಲ, ತಾನೊಬ್ಬನೇ ಬಂದಿದ್ದ.

ನಾನು ಕೋಲು ಹಿಡಿದು ಇಳಿದೆ. ಕೆಸರು ಮೊಳಕಾಲಿಗೆ ಬಂತು. ಸೇತುವೆಯ ಕೆಳಗೆ, ಗುಂಡಿಯಲ್ಲಿ, ಜಾಲರಿಯ ಹತ್ತಿರ ಎಲ್ಲ ಕಡೆ ಕೋಲಿನಿಂದ ಕೆದಕಿ ನೋಡಿದೆ. ಇಲ್ಲವೆಂದು ಗೊತ್ತಿದ್ದ ಜಾಗದಲ್ಲಿ ಹಾಗೆ ಶ್ರದ್ಧೆಯಿಂದ ಹುಡುಕಿದ್ದು ಜನ್ಮದಲ್ಲಿ ಇದೇ ಮೊದಲು. ಹುಡುಕುತ್ತ ಹುಡುಕುತ್ತ ಒಂದು ಹೆಣ ಸಿಗಬಾರದೇ ಎಂದು ಅನ್ನಿಸಿತು. ನಾಚಿಕೆಯಾಯಿತು.

'ಏನ್ ಚಲುವಣ್ಣ?' ಏರಿಯ ಮೇಲಿಂದ ನಿಂಗರಾಜು ಕೂಗಿದ.

ಹೊಳೆಯ ಕಡೆಯ ತೂಬಿನ ಹತ್ತಿರ ಹೋಗಿ ನಿಂತೆ. ಹೆಚ್ಚಾದ ನೀರನ್ನು ಅಲ್ಲಿಂದಲೇ ಹೊಳೆಗೆ ಬಿಡುತ್ತಾರೆ. ಎಲ್ಲರಿಗೂ ಕೇಳುವಂತೆ ಹೇಳಿದೆ.

'ತೂಬಿನ ಬಾಗಿಲು ಆವತ್ತು ಮೇಲಿತ್ತು, ನಾನು ನೋಡ್ಲಿಲ್ಲ. ತಿಮ್ಮೇಶ ಇಲ್ಲಿಂದ ಹೊಳೆ ಸೇರವ್ನೆ. ಅವನು ಬದುಕವ್ನೆ ಅಂತ ನಾನಂದಿದ್ದು ತಪ್ಪು. ವಯಸ್ಸಾಯ್ತು, ನನ್ನ ಲೆಕ್ಕ ತಪ್ತು. ಆ ಹುಡುಗಿ ಮೇಲೆ ಯಾರೂ ಮಾತಾಡ್ಬೇಡಿ.'

ನಾನು ತಪ್ಪು ಒಪ್ಪಿಕೊಂಡದ್ದನ್ನು ಈ ಊರು ಇದುವರೆಗೆ ಕಂಡಿರಲಿಲ್ಲ. ಅದಕ್ಕೇ ನಂಬಿತು. ಹೆಂಗಸರ ಕಡೆಯಿಂದ ಅಳು ಎದ್ದಿತು. ಹಾಲಿನ ಡೇರಿಯಲ್ಲಿ ಚುಚ್ಚಿ ಮಾತಾಡಿದವಳೇ ಎಲ್ಲರಿಗಿಂತ ಜೋರಾಗಿ ಅತ್ತಳು. ಮುದುಕನಿಗೆ ಇನ್ನು ಈ ಕೆಲಸ ಸಾಕು, ಬೇರೆ ಯಾರಿಗಾದರೂ ಕಲಿಸಬೇಕು ಎಂದು ಹಿಂದಿನಿಂದ ಒಬ್ಬರು ಅಂದದ್ದು ಸರಿಯಿರುವ ಕಿವಿಗೆ ಬಿತ್ತು. ಅನ್ನಲಿ.

ಎಲ್ಲರೂ ಬೇಡ ಎನ್ನುತ್ತಿದ್ದರೂ ಕವಿತ ಸೀರೆ ಎತ್ತಿ ಕಟ್ಟಿಕೊಂಡು ಕೆಸರಿಗೆ ಇಳಿದು ಬಂದಳು. ಕೊನೆಯ ಸಲ ನೋಡಲಿ ಬಿಡಿ ಎಂದು ಯಾರೋ ಅಂದರು. ನನ್ನ ಹತ್ತಿರ ಬಂದು ತೂಬಿನ ಕತ್ತಲೆಯನ್ನು ನೋಡುತ್ತ ನಿಂತಳು. ಮೇಲಿನವರಿಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು.

'ಪೆಟ್ಟಿಗೇಲಿ ಅವರ ಕಂಬ್ಳಿ ಇರ್ಲಿಲ್ಲ ತಾತ' ಎಂದಳು. 'ಅವರವ್ವ ಕೊಟ್ಟಿದ್ದು. ನಾಲೆಗೆ ಬೀಳಕ್ಕೆ ಯಾರಾರ ಕಂಬ್ಳಿ ತಕಂಡ್ ಓದಾರಾ? ಅವತ್ತೇ ನೋಡ್ದೆ. ಅವ್ವಂಗೂ ಏಳ್ಲಿಲ್ಲ.'

ದಿನವೂ ದಡದಲ್ಲಿ ಕೂತು, ಇನ್ನೊಂದು ಸಲ ಹಾಕಿ ನೋಡಿ ಎಂದು ಇವಳು ಕೇಳುತ್ತಿದ್ದುದು ಹುಡುಕಲೆಂದಲ್ಲ. ನಾನು ಹುಡುಕುತ್ತಿರುವವರೆಗೂ ಅವನು ಸತ್ತವನಾಗಿರುತ್ತಿದ್ದ.

'ಬೇಡ ಅಂದ್ರೆ ಈಗ್ಲೇ ನಿಜ ಹೇಳ್ತೀನಿ ಕಣವ್ವಾ' ಎಂದೆ. 'ತಾಳಿ ತೆಗೆಯೋದು ಬೇಡ.'

'ಬ್ಯಾಡಿ. ಅವರೂ ಇದನ್ನೇ ಅಲ್ವಾ ಕೇಳಿದ್ದು ನಿಮ್ಮ.'

ಇವಳಿಗೆ ಹೇಗೆ ಗೊತ್ತಾಯಿತು ಎಂದು ಕೇಳಬೇಕೆಂದುಕೊಂಡೆ. ಕೇಳಲಿಲ್ಲ.

'ಎಲ್ಲವ್ರೆ ಅಂತ ಏಳ್ಬ್ಯಾಡಿ ತಾತ. ಗೊತ್ತಾದ್ರೆ ಓಗ್ಬುಡ್ತೀನಿ. ಚೆನ್ನಾಗವ್ರಾ, ಅಷ್ಟೇಳಿ.'

'ಕಾಯಿ ಸುಲೀತಾನೆ. ಅಂಗೈ ಬೊಬ್ಬೆ ಬಂದಿದೆ' ಎಂದೆ. 'ಅಲ್ಲಿ ಎಲ್ಲರೂ ತಿಮ್ಮೇಶ ಅಂತ ಕರೀತಾರೆ.'

ಕೊನೆಯ ಮಾತು ನಾನು ಕಟ್ಟಿದ್ದು. ಅಲ್ಲಿ ಯಾರು ಏನೆಂದು ಕರೆಯುತ್ತಾರೋ ನಾನು ಕೇಳಿರಲಿಲ್ಲ. ಅವಳು ಆ ಹೆಸರನ್ನು ತುಟಿಯಲ್ಲೇ ಒಮ್ಮೆ ಹೇಳಿಕೊಂಡಳು. ಹೆಂಡತಿ ಗಂಡನ ಹೆಸರು ಹೇಳುವ ಪದ್ಧತಿ ನಮ್ಮಲ್ಲಿಲ್ಲ, ಅವಳು ಹೇಳಿದ್ದು ಅದೇ ಮೊದಲಿರಬೇಕು.

ಮೇಲಿನಿಂದ ಹೆಂಗಸರು ಕರೆದರು. ಹೊತ್ತಾಗುತ್ತಿದೆ, ಬಾರವ್ವಾ ಎಂದರು. ನನ್ನ ಕಾಲು ಕೆಸರಿನಲ್ಲಿ ಹೂತುಹೋಗಿ ಕಿತ್ತರೂ ಬರುತ್ತಿರಲಿಲ್ಲ. ಕವಿತ ಕೈ ಚಾಚಿದಳು. 'ಇಡ್ಕಳಿ ತಾತ. ಕಾಯ್ತಾವ್ರೆ' ಎಂದಳು. ಬಳೆಯಿದ್ದ ಆ ಕೈ ಹಿಡಿದುಕೊಂಡು ಏರಿ ಹತ್ತಿದೆ. ಮೇಲೆ ಬಂದ ಮೇಲೆ ಅವಳು ಮೆಲ್ಲಗೆ ನನ್ನ ಹಿಡಿತ ಬಿಡಿಸಿ, ಎರಡೂ ಕೈಗಳನ್ನು ಬುಟ್ಟಿಯವರ ಮುಂದೆ ಚಾಚಿದಳು.